ಹಿತ್ತಲ ಕೋಳಿಗಳ ಸೀನು, ಗೊರಗೊರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಎರಡು ವಾರದ ಹಿಂದೆ ಒಂದು ಹೇಂಟೆ ಸೀನತೊಡಗಿತು. ಈಗ ಹತ್ತರಲ್ಲಿ ನಾಲ್ಕಕ್ಕೆ ಅಂಟಿದೆ. ಕಣ್ಣಿನ ಮೂಲೆಯಲ್ಲಿ ನೊರೆ, ರಾತ್ರಿ ಗೊರಗೊರ ಸದ್ದು. ಅಮಾಕ್ಸಿಸಿಲಿನ್ ಕೊಟ್ಟರೂ ಗುಣ ಕಾಣಲಿಲ್ಲ. ಬೇರೆ ಏನು ಕೊಡಬೇಕು?

ಉತ್ತರ: ಔಷಧಿ ಆರಿಸುವ ಮೊದಲು ರೋಗ ಎಷ್ಟು ಬೇಗ ಹಬ್ಬಿತು ಎನ್ನುವುದನ್ನು ನೋಡಬೇಕು. ಒಂದೆರಡು ದಿನದಲ್ಲೇ ಇಡೀ ಹಿಂಡು ಸೀನಿ, ಮೊಟ್ಟೆ ಕಡಿಮೆಯಾಗಿ, ಚಿಪ್ಪು ಸುಕ್ಕುಗಟ್ಟಿ, ಬಿಳಿಭಾಗ ನೀರಾದರೆ ಅದು ವೈರಸ್‌ನಿಂದ ಬರುವ ಬ್ರಾಂಕೈಟಿಸ್ ಇರಬಹುದು. ಮುಖ ಊದಿಕೊಂಡು, ಮೂಗಿನ ಸಿಂಬಳ ಕೆಟ್ಟ ವಾಸನೆ ಹೊಡೆದರೆ ಕೊರೈಜಾ ಎಂಬ ಬ್ಯಾಕ್ಟೀರಿಯಾ ರೋಗ ಇರಬಹುದು. ನಿಮ್ಮಲ್ಲಿ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಿದೆ, ಜೊತೆಗೆ ನೊರೆಗಣ್ಣು ಇದೆ. ಇದು ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿಯ, ಅಂದರೆ ದೀರ್ಘಕಾಲ ಕಾಡುವ ಉಸಿರಾಟದ ರೋಗದ ಲಕ್ಷಣ. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ.

ಅಮಾಕ್ಸಿಸಿಲಿನ್ ಸೋತದ್ದು ಸಹಜ. ಆ ಔಷಧಿ ರೋಗಾಣು ತನ್ನ ಕೋಶಗೋಡೆ ಕಟ್ಟಿಕೊಳ್ಳದಂತೆ ತಡೆದು ಕೊಲ್ಲುತ್ತದೆ, ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಇಲ್ಲಿ ನಾಟುವುದು ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್. ಪಶುವೈದ್ಯರ ಚೀಟಿ ಪಡೆದೇ ಕೊಡಿ. ಟೈಲೋಸಿನ್‌ನ ಸಾಮಾನ್ಯ ಪ್ರಮಾಣ ಲೀಟರ್ ನೀರಿಗೆ 0.5 ಗ್ರಾಂ, 3ರಿಂದ 5 ದಿನ. ಇದು ಮೂಲ ಔಷಧಿಯ ತೂಕ. ಪೊಟ್ಟಣದ ಪುಡಿಯಲ್ಲಿ ಬೇರೆ ಪದಾರ್ಥ ಬೆರೆತಿದ್ದರೆ ಪುಡಿಯ ಅಳತೆ ಹೆಚ್ಚಾಗುತ್ತದೆ, ಆದ್ದರಿಂದ ಲೇಬಲ್ ಓದಿ ಲೆಕ್ಕ ಹಾಕಿ.

ಔಷಧಿಯ ನೀರನ್ನು ದಿನವೂ ಹೊಸದಾಗಿ ಕಲಸಿ. ಅಂಗಳದಲ್ಲಿ ಬೇರೆ ನೀರು ಸಿಗಬಾರದು. ಕೊಚ್ಚೆಗುಂಡಿಯಿಂದ ಕುಡಿದರೂ ಔಷಧಿ ಹೊಟ್ಟೆಗೆ ಸೇರುವುದಿಲ್ಲ. ಚಿಕಿತ್ಸೆ ಕೈಕೊಡುವುದು ಹೆಚ್ಚಾಗಿ ಇಲ್ಲೇ: ತೀರಾ ಸೋತ ಕೋಳಿ ನೀರಿನ ಹತ್ತಿರವೂ ಹೋಗುವುದಿಲ್ಲ. ಅಂಥದ್ದಕ್ಕೆ ಇಂಜೆಕ್ಷನ್ ಬೇಕು. ಡಾಕ್ಸಿಸೈಕ್ಲಿನ್ ಕೊಡುವ ದಿನಗಳಲ್ಲಿ ಕಪ್ಪೆಚಿಪ್ಪಿನ ಪುಡಿ ತೆಗೆದಿಡಿ, ಸುಣ್ಣದಂಶ ಔಷಧಿಯನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಹತ್ತಿಯಿಂದ ಕಣ್ಣು, ಮೂಗಿನ ಹೊಳ್ಳೆ ಒರೆಸಿ. ಒಂದೊಂದು ಕೋಳಿಗೂ ಹೊಸ ಹತ್ತಿ ಬಳಸಿ.

ಲೇಬಲ್‌ನಲ್ಲಿ ಹೇಳಿದ ಅವಧಿ ಮುಗಿಯುವವರೆಗೆ ಮೊಟ್ಟೆ, ಮಾಂಸ ತಿನ್ನಬೇಡಿ. ಸೀನು ನಿಂತರೂ ರೋಗಾಣು ಒಳಗೇ ಉಳಿಯುತ್ತದೆ, ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ಈ ಹಿಂಡಿನ ಮೊಟ್ಟೆಯನ್ನು ಕಾವಿಗೆ ಇಡಬೇಡಿ, ಬೇರೆಯವರಿಗೆ ಕೋಳಿ ಕೊಡಬೇಡಿ.

ಪ್ರಶ್ನೆ: ಒಂದು ಎಳೆ ಕೋಳಿ ಕತ್ತು ಮೇಲೆತ್ತಿ ಬಾಯಿ ತೆರೆದು ಉಸಿರು ಎಳೆಯುತ್ತದೆ. ಸೀನು, ಸಿಂಬಳ ಇಲ್ಲ. ಏನಿದು?

ಉತ್ತರ: ಬಿಸಿಲ ಹೊತ್ತಿನಲ್ಲಿ ಎಲ್ಲ ಕೋಳಿಗಳೂ ರೆಕ್ಕೆ ಬಿಚ್ಚಿಕೊಂಡು ಏದುತ್ತಿದ್ದರೆ ಅದು ಸೆಕೆಯ ತಾಪ, ನೆರಳು, ತಣ್ಣೀರು ಕೊಡಿ. ತಂಪು ಹೊತ್ತಿನಲ್ಲೂ ಒಂದೇ ಕೋಳಿ ಹೀಗೆ ಮಾಡಿದರೆ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿ. ಹಿಡಿಯುವಾಗ ಎದೆಯನ್ನು ಒತ್ತಬೇಡಿ. ಕೋಳಿಗೆ ನಮ್ಮಂತೆ ವಪೆ (ಉಸಿರಾಟಕ್ಕೆ ನೆರವಾಗುವ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆ) ಇಲ್ಲ, ಎದೆಮೂಳೆ ಏರಿಳಿದರಷ್ಟೇ ಉಸಿರು. ಬಿಗಿಹಿಡಿತದಲ್ಲೇ ಪ್ರಾಣ ಹೋಗಬಹುದು.

ಗಂಟಲಲ್ಲಿ ಹಳದಿ ಪೊರೆ ಕಂಡರೆ ಬಾಯಿಯೊಳಗಿನ ಸಿಡುಬು ಇರಬಹುದು. ಅದನ್ನು ಕೆರೆದು ತೆಗೆಯಬೇಡಿ, ರಕ್ತ ಸುರಿದು ಉಸಿರುಗಟ್ಟುತ್ತದೆ. ತಲೆ ಕೊಡವಿದಾಗ ಕಫದಲ್ಲಿ ರಕ್ತ ಬಂದರೆ ಲ್ಯಾರಿಂಗೋಟ್ರಾಕೈಟಿಸ್ ಎಂಬ ವೈರಸ್ ರೋಗದ ಗುಮಾನಿ. ಶ್ವಾಸನಾಳದಲ್ಲಿ ಕೆಂಪು ದಾರದಂಥ, ಇಂಗ್ಲಿಷ್‌ನ ವೈ ಆಕಾರದ ಹುಳು ಕಂಡರೆ ಅದು ಗೇಪ್‌ವರ್ಮ್. ಗಂಡುಹುಳು ಹೆಣ್ಣಿಗೆ ಅಂಟಿಕೊಂಡೇ ಇರುವುದರಿಂದ ಆ ಆಕಾರ. ಎರೆಹುಳು ತಿಂದು ಎಳೆ ಕೋಳಿಗಳಿಗೆ ತಗಲುವುದು ಹೆಚ್ಚು. ಇದಕ್ಕೆ ಫೆನ್‌ಬೆಂಡಜೋಲ್‌ನಂಥ ಜಂತುನಾಶಕ ಬೇಕು, ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಔಷಧಿ ನಿಲ್ಲಿಸಿದ ಕೂಡಲೇ ಸೀನು ಮರಳುತ್ತದೆ. ಯಾಕೆ?

ಉತ್ತರ: ಬೆಳಗ್ಗೆ ಗೂಡಿನ ಬಾಗಿಲು ತೆರೆದು, ಕೋಳಿಯ ತಲೆಯ ಮಟ್ಟಕ್ಕೆ ಬಾಗಿ ಉಸಿರೆಳೆಯಿರಿ. ಕಣ್ಣು ಉರಿದರೆ ಕಾರಣ ಸಿಕ್ಕಂತೆಯೇ. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಧೂಳು, ರೋಗಾಣುಗಳನ್ನು ಹೊರಗೆ ತಳ್ಳುವುದು ಆ ರೋಮಗಳೇ. ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹಾಸು ಆಗಾಗ ತೆಗೆಯಿರಿ. ಬೂಸಲು ಹಿಡಿದ ಹುಲ್ಲು, ಹೊಟ್ಟು ಒಳಗೆ ಹಾಕಲೇಬೇಡಿ, ಅದರ ಶಿಲೀಂಧ್ರ ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಗುಣವಾಗುವುದು ಕಷ್ಟ. ಗಾಳಿಕಿಂಡಿ ಕೋಳಿ ಮಲಗುವ ಕೋಲಿಗಿಂತ ಮೇಲೆ, ಸೂರಿನ ಹತ್ತಿರ ಇರಲಿ. ಚಳಿ ಎಂದು ಎಲ್ಲ ಕಡೆ ಮುಚ್ಚುವುದು ತಪ್ಪು.

ಪ್ರಶ್ನೆ: ಯಾವಾಗ ಮನೆಮದ್ದು ಬಿಟ್ಟು ಸರ್ಕಾರಿ ಪಶುವೈದ್ಯರಿಗೆ ತಿಳಿಸಬೇಕು?

ಉತ್ತರ: ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಹಸಿರು ಭೇದಿ ಅಥವಾ ಕತ್ತು ತಿರುಚುವಿಕೆ ಕಂಡರೆ ತಕ್ಷಣ. ಕೊಕ್ಕರೆ ರೋಗ (ರಾಣಿಖೇತ್), ಹಕ್ಕಿಜ್ವರ ಎರಡೂ ಹೀಗೆಯೇ ಬರುತ್ತವೆ. ಎರಡಕ್ಕೂ ಚಿಕಿತ್ಸೆ ಇಲ್ಲ. ಕೊಕ್ಕರೆ ರೋಗಕ್ಕೆ ಮೊದಲೇ ಹಾಕಿಸಿದ ಲಸಿಕೆಯೇ ರಕ್ಷಣೆ. ಸತ್ತ ಕೋಳಿಯನ್ನು ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಉಳಿದವನ್ನು ಮಾರಬೇಡಿ.

ಪ್ರಶ್ನೆ: ಹೊಸ ಕೋಳಿ ತಂದರೆ ಎಷ್ಟು ದಿನ ಬೇರೆ ಇಡಬೇಕು?

ಉತ್ತರ: 30 ದಿನ, ಬೇರೆ ಗೂಡು, ಬೇರೆ ಪಾತ್ರೆ. ದಿನವೂ ಮೊದಲು ಹಳೆಯ ಕೋಳಿಗಳಿಗೆ ಮೇವು ಹಾಕಿ, ಆಮೇಲೆ ಹೊಸದರ ಕಡೆ ಹೋಗಿ. ಅಲ್ಲಿಂದ ಬಂದ ಮೇಲೆ ಚಪ್ಪಲಿ ಬದಲಿಸಿ, ಕೈ ತೊಳೆಯಿರಿ.