ಮಗ ಏನ್ಮಾಡ್ತಾ ಇದ್ದಾನೆ?

ಪ್ರಶ್ನೆ: ಮೇಷ್ಟ್ರೇ, ನಾನು ಮೂರು ವರ್ಷದಿಂದ ಮಂಡ್ಯದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವಾರ ಮೈಸೂರಿನಲ್ಲಿ ಇಂಟರ್‌ವ್ಯೂ ಇತ್ತು. ‘ವಾಟ್ ಡು ಯು ಡು?’ ಅಂದರು. ‘ಐ ಆ್ಯಮ್ ರೈಟಿಂಗ್ ಅಕೌಂಟ್ಸ್’ ಅಂದೆ. ‘ನೌ?’ ಅಂತ ನಕ್ಕುಬಿಟ್ಟರು. ನಾನೇನು ತಪ್ಪು ಹೇಳಿದೆ?
– ಓದುಗ, ಮಂಡ್ಯ

ಆ ನಗುವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಬಾಯಲ್ಲಿ ಬಂದಿದ್ದು ಅಪ್ಪಟ ಕನ್ನಡ, ಮೇಲೆ ಇಂಗ್ಲಿಷ್ ಅಂಗಿ ಹಾಕಿಕೊಂಡಿತ್ತು ಅಷ್ಟೇ.

ಸಂತೆಯಲ್ಲಿ ಹಳೇ ಪರಿಚಯದವರು ಸಿಗುತ್ತಾರೆ. ‘ಮಗ ಏನ್ಮಾಡ್ತಾ ಇದ್ದಾನೆ?’ ಅಂತಾರೆ. ‘ಬೆಂಗಳೂರಲ್ಲಿ ಕೆಲಸ ಮಾಡ್ತಾ ಇದ್ದಾನೆ’ ಅಂತೀರಿ. ಆ ಹೊತ್ತಿನಲ್ಲಿ ಮಗ ರೂಮಿನಲ್ಲಿ ಗೊರಕೆ ಹೊಡೆಯುತ್ತಿದ್ದರೂ ನೀವು ಹೇಳಿದ್ದು ಸುಳ್ಳಲ್ಲ. ಅದೇ ರಾತ್ರಿ ಅವನಿಗೆ ಫೋನ್ ಮಾಡಿ ‘ಏನ್ಮಾಡ್ತಾ ಇದ್ದೀಯಾ?’ ಅಂದರೆ ‘ಊಟ ಮಾಡ್ತಾ ಇದ್ದೀನಿ’ ಅಂತಾನೆ. ನಮ್ಮ ‘ತಾ ಇದ್ದೀನಿ’ ಎರಡು ಮನೆಗೂ ದುಡಿಯುತ್ತದೆ, ಇಂಗ್ಲಿಷ್‌ನ ‘ಇಂಗ್’ ಹಾಗೆ ದುಡಿಯುವುದಿಲ್ಲ. ಅದು ಈ ಗಳಿಗೆಯಲ್ಲಿ ನಡೆಯುತ್ತಿರುವುದಕ್ಕೆ, ಇಲ್ಲವೇ ಸದ್ಯದ ಮಟ್ಟಿಗೆ ಇರುವುದಕ್ಕೆ. ಮಾಮೂಲಿ ಲೆಕ್ಕದವರು ರಜೆಯಲ್ಲಿದ್ದು, ಒಂದು ತಿಂಗಳು ನೀವು ನೋಡಿಕೊಳ್ಳುತ್ತಿದ್ದರೆ ‘ಐ ಆ್ಯಮ್ ಕೀಪಿಂಗ್ ದ ಅಕೌಂಟ್ಸ್’ ಸರಿ. ಮೂರು ವರ್ಷದ ಹೊಟ್ಟೆಪಾಡಿಗೆ ‘ಐ ಕೀಪ್ ದ ಅಕೌಂಟ್ಸ್’ ಅಂದರೆ ಸಾಕು. (ಲೆಕ್ಕಕ್ಕೆ ಅಲ್ಲಿ ‘ರೈಟ್’ ಅನ್ನುವುದಿಲ್ಲ, ‘ಕೀಪ್’ ಅಂತಾರೆ. ಮೂರು ವರ್ಷದಿಂದ ಅಂತ ಸೇರಿಸಿದರೆ ವಾಕ್ಯ ಮತ್ತೆ ಬದಲಾಗುತ್ತದೆ, ಆ ಪುರಾಣ ಇನ್ನೊಂದು ವಾರಕ್ಕಿರಲಿ.)

ಆಲೆಮನೆ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ, ಒಬ್ಬರು ಮೇಲೆ ಬಂದ ಮಡ್ಡಿ ತೆಗೆಯುತ್ತಿದ್ದಾರೆ, ಇನ್ನೊಬ್ಬರು ಒಲೆಗೆ ಒಣಗಿದ ಸಿಪ್ಪೆ ತುಂಬುತ್ತಿದ್ದಾರೆ, ಹೊಗೆಗೆ ನಿಮ್ಮ ಕಣ್ಣಲ್ಲಿ ನೀರು. ಆಗ ಫೋನಿನಲ್ಲಿ ‘ದೇ ಆರ್ ಮೇಕಿಂಗ್ ಜ್ಯಾಗರಿ’ ಅನ್ನಿ. ರಾತ್ರಿ ಆ ಇಬ್ಬರೂ ಕೈಕಾಲು ತೊಳೆದು ಟಿವಿ ಮುಂದೆ ಕೂತಿರುವಾಗ ‘ದೇ ಮೇಕ್ ಜ್ಯಾಗರಿ’. ಬೆಲ್ಲ ಅವರ ಕಸುಬು, ಒಲೆ ಆರಿದ್ದರೂ ಆ ಮಾತು ನಿಜ.

ತಪ್ಪು ನಮ್ಮಂಥ ಮೇಷ್ಟ್ರುಗಳದ್ದೂ ಇದೆ. ‘ಈಟ್’ ಅಂದರೆ ತಿನ್ನುತ್ತೇನೆ, ‘ಆ್ಯಮ್ ಈಟಿಂಗ್’ ಅಂದರೆ ತಿನ್ನುತ್ತಿದ್ದೇನೆ ಅಂತ ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಮುಗಿಸಿಬಿಡುತ್ತೇವೆ. ಬೀದಿಯ ಕನ್ನಡ ಆ ಕಾಲಂನಲ್ಲಿ ಕೂರುವುದೇ ಇಲ್ಲ.

ಪ್ರಶ್ನೆ: ‘ನಾಳೆ ಬರ್ತೀನಿ’ ಅನ್ನೋದಕ್ಕೆ ‘ಐ ಕಮ್ ಟುಮಾರೋ’ ಅಂದರೆ ಮಗಳು ತಪ್ಪು ಅಂತಾಳೆ. ಯಾಕೆ?
– ಓದುಗರು, ಶ್ರೀರಂಗಪಟ್ಟಣ

ಮಗಳೇ ಸರಿ. ನಮ್ಮ ‘ಬರ್ತೀನಿ’ ದಿನಾ ಬರುವುದಕ್ಕೂ ಆಗುತ್ತದೆ, ನಾಳೆ ಬರುವುದಕ್ಕೂ ಆಗುತ್ತದೆ. ಇಂಗ್ಲಿಷ್‌ನವರು ಮೊದಲೇ ಮಾತಾಡಿಕೊಂಡ ನಾಳೆಗೆ ‘ಐ ಆ್ಯಮ್ ಕಮಿಂಗ್ ಟುಮಾರೋ’ ಅಂತಾರೆ. ಟೈಂ ಟೇಬಲ್ ಇದ್ದರೆ ಮಾತ್ರ ಬೇರೆ: ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’. ರೈಲು ಲೇಟಾದರೂ ಗ್ರಾಮರ್ ಸರಿ.

ಪ್ರಶ್ನೆ: ಸರ್, ನಮ್ಮ ಮನೆಯವರು ಯಾರ ಹತ್ತಿರ ಮಾತಾಡಿದರೂ ‘ಐ ಆ್ಯಮ್ ಹ್ಯಾವಿಂಗ್ ಟು ಏಕರ್ಸ್’ ಅಂತಾರೆ. ಹೇಳಿದರೆ ಕೇಳಲ್ಲ.
– ಗೃಹಿಣಿ, ಮೈಸೂರು

ಅವರನ್ನು ಕನ್ನಡದಲ್ಲೇ ಕೇಳಿ: ‘ರೀ, ನಮಗೆ ಎರಡು ಎಕರೆ ಇರ್ತಾ ಇದೆ ಅಂತೀರಾ?’ ಅನ್ನಲ್ಲ ಅಲ್ವಾ? ಇದೆ, ಗೊತ್ತು, ಬೇಕು, ಇಷ್ಟ – ಈ ಮಾತುಗಳಿಗೆ ನಾವು ‘ತಾ ಇದೆ’ ಅಂಟಿಸುವುದಿಲ್ಲ. ‘ಹ್ಯಾವ್’, ‘ನೋ’, ‘ವಾಂಟ್’, ‘ಲೈಕ್’ಗೂ ಸಾಮಾನ್ಯವಾಗಿ ‘ಇಂಗ್’ ಬೇಡ. ಒಂದೇ ಎಚ್ಚರಿಕೆ, ‘ಐ ಆ್ಯಮ್ ಹ್ಯಾವಿಂಗ್ ಲಂಚ್’ ಅಂದಾಗ ಸುಮ್ನೆ ತಿದ್ದಲು ಹೋಗಬೇಡಿ. ಅಲ್ಲಿ ‘ಹ್ಯಾವ್’ ಅಂದರೆ ತಿನ್ನುವುದು, ಅವರು ಹೇಳಿದ್ದು ಸರಿ.