ಎಕ್ಸ್-ರೇ ನೋಡಿ ವಾಕಿಂಗ್ ಬಿಡಬೇಡಿ ಮೇಡಂ

ತಿಪಟೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ವಯಸ್ಸು 61. ಕೆಲವು ವರ್ಷಗಳಿಂದ ಎಡ ಮಂಡಿ ನೋವು. ಎಕ್ಸ್-ರೇ ತೆಗೆಸಿದಾಗ ‘ಗ್ರೇಡ್ 3 ಸವೆತ’ ಅಂತ ಬಂದಿದೆ. ನಡೆದಷ್ಟೂ ಸವೆಯುತ್ತದೆ ಅನ್ನುವ ಹೆದರಿಕೆಯಲ್ಲಿ ಸಂಜೆಯ ವಾಕಿಂಗ್ ಬಿಟ್ಟಿದ್ದಾರೆ, ಮಹಡಿ ಹತ್ತುವುದನ್ನೂ ಬಿಟ್ಟಿದ್ದಾರೆ. “ಇನ್ನೆರಡು ವರ್ಷಕ್ಕೆ ಹಾಸಿಗೆ ಹಿಡೀತೀನಾ? ನನಗಿಂತ ಜಾಸ್ತಿ ಸವೆದಿದ್ದರೂ ನಮ್ಮಕ್ಕ ಹೇಗೆ ಓಡಾಡಿಕೊಂಡಿದ್ದಾರೆ? ಆಪರೇಷನ್ ಈಗಲೇ ಮಾಡಿಸಿಬಿಡಲಾ?” ಅನ್ನುವುದು ಅವರ ಪ್ರಶ್ನೆ.

ಮೇಡಂ, ಮೊದಲು ನೇರ ಉತ್ತರ. ಎರಡೇ ವರ್ಷದಲ್ಲಿ ಹಾಸಿಗೆ ಹಿಡಿಯುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಮಂಡಿ ಟೈರ್ ಥರ ಸವೆಯುತ್ತಾ ಹೋಗುತ್ತದೆ, ಅದರ ಜೊತೆ ನೋವೂ ವರ್ಷ ವರ್ಷ ಏರುತ್ತಲೇ ಇರುತ್ತದೆ ಅಂತ ಜನ ನಂಬಿದ್ದಾರೆ. ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದವರಿಗೆ ಕಂಡದ್ದು ಬೇರೆ.

ಅಮೆರಿಕದಲ್ಲಿ 2004ರಲ್ಲಿ ‘ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್’ ಅಂತ ಮಂಡಿ ಸವೆತದ ಬಗ್ಗೆ ದೊಡ್ಡ ಅಧ್ಯಯನ ಶುರುವಾಯಿತು. 45ರಿಂದ 79 ವಯಸ್ಸಿನ 4,796 ಜನ ಅದಕ್ಕೆ ಸೇರಿದರು. ವರ್ಷ ವರ್ಷ ಅವರ ನೋವನ್ನು ಐದು ಪ್ರಶ್ನೆ ಕೇಳಿ ಅಳೆದರು: ಸಮನೆಲದಲ್ಲಿ ನಡೆಯುವಾಗ ಎಷ್ಟು ನೋವು, ಮೆಟ್ಟಿಲು ಹತ್ತಿಳಿಯುವಾಗ ಎಷ್ಟು, ರಾತ್ರಿ ಮಲಗಿದಾಗ ಎಷ್ಟು, ಸುಮ್ನೆ ಕೂತಾಗ ಎಷ್ಟು, ನಿಂತಾಗ ಎಷ್ಟು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಒಟ್ಟು 20. ಇವರಲ್ಲಿ ಸವೆತ, ನೋವು ಎರಡೂ ಇದ್ದವರ ಆರು ವರ್ಷದ ಅಂಕಗಳನ್ನು ಗೆರೆ ಎಳೆದು ನೋಡಿದರೆ ಐದು ಗುಂಪು ಸಿಕ್ಕವು. ಕಡಿಮೆ ನೋವಿನವರ ಗೆರೆ ಕೆಳಗೆ, ಜಾಸ್ತಿ ನೋವಿನವರದ್ದು ಮೇಲೆ. ಆದರೆ ಐದೂ ಗೆರೆಗಳು ಹೆಚ್ಚುಕಮ್ಮಿ ಅಡ್ಡಡ್ಡವಾಗಿಯೇ ಸಾಗಿದ್ದವು, ಒಂದು ಗುಂಪೂ ಸರಸರ ಮೇಲೇರಲಿಲ್ಲ. ಇದು ಗುಂಪಿನ ಸರಾಸರಿ ಅನ್ನುವುದು ನಿಜ, ಕೆಲವರಿಗೆ ನೋವು ಏರುತ್ತದೆ, ಕೆಲವರು ಆಪರೇಷನ್‌ಗೂ ಹೋಗುತ್ತಾರೆ. ಆದರೆ ಹೆಚ್ಚಿನವರ ಕಥೆ ಅದಲ್ಲ.

ಈ ಗೆರೆ ದಿನದಿನಕ್ಕೆ ಅಲ್ಲಾಡುತ್ತಿರುತ್ತದೆ, ಅದು ನಿಮಗೂ ಗೊತ್ತು. ಮದುವೆಮನೆಯಲ್ಲಿ ದಿನವಿಡೀ ನಿಂತು ಬಂದರೆ ಒಂದು ವಾರ ನೋವು, ಆಮೇಲೆ ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು, ಎಣ್ಣೆ ಕೊಳ್ಳುವುದು, ಮುಂದಿನ ಜನ್ಮದವರೆಗೂ ಚಿಂತೆ ಮಾಡುವುದು ಎಲ್ಲಾ ಆ ಕೆಟ್ಟ ವಾರದಲ್ಲೇ ಅಲ್ವಾ? ಆ ವಾರವನ್ನು ನೋಡಿ ಮುಂದಿನ ಹತ್ತು ವರ್ಷವನ್ನು ಅಳೆಯಬೇಡಿ.

ಇನ್ನು ನಿಮ್ಮ ಅಕ್ಕನ ವಿಷಯ. ಗ್ರೇಡ್ ಅನ್ನುವುದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಮಾಡಿದ ಸೊನ್ನೆಯಿಂದ ನಾಲ್ಕರ ಅಳತೆ. ಎಕ್ಸ್-ರೇಯಲ್ಲಿ ಕಾಣುವುದು ಮೂಳೆ, ಅದರ ಅಂಚಿನಲ್ಲಿ ಬೆಳೆದ ಮುಳ್ಳು, ಎರಡು ಮೂಳೆಗಳ ನಡುವಿನ ಜಾಗ ಇಷ್ಟೇ. ಸವೆಯುವುದು ಮೂಳೆಗಳ ತುದಿಗೆ ಮೆತ್ತೆಯಂತಿರುವ ಕಾರ್ಟಿಲೇಜ್, ಅದಕ್ಕೆ ನರವೇ ಇಲ್ಲ, ಹಾಗಾಗಿ ಅದು ತಾನಾಗಿ ನೋಯುವುದಿಲ್ಲ. ನೋವು ಬರುವುದು ಕೀಲಿನ ಒಳಪೊರೆ ಊದಿಕೊಂಡಾಗ, ಕಾರ್ಟಿಲೇಜ್ ಕೆಳಗಿನ ಮೂಳೆಗೆ ಪೆಟ್ಟು ಬಿದ್ದಾಗ. ಗ್ರೇಡ್ ಜಾಸ್ತಿ ಇದ್ದವರು ಮೇಲಿನ ಗೆರೆಗಳಲ್ಲಿ ಹೆಚ್ಚು ಸಿಗುತ್ತಾರೆ ನಿಜ, ಆದರೆ ಅದೊಂದೇ ಕಾರಣವಲ್ಲ. ಆ ಅಧ್ಯಯನದಲ್ಲೇ ಮೇಲಿನ ಗೆರೆಯವರಲ್ಲಿ ಬೊಜ್ಜು, ಖಿನ್ನತೆ, ಬೇರೆ ಕಾಯಿಲೆಗಳು ಜಾಸ್ತಿ ಕಂಡವು. ಹೆಂಗಸರು ಜಾಸ್ತಿ, ಓದು ಕಡಿಮೆ ಇದ್ದವರು ಜಾಸ್ತಿ. ಸೊಂಟ, ಬೆನ್ನು ಅಂತ ಬೇರೆ ಕಡೆಯೂ ನೋವಿರುವವರಿಗೆ, ನಿದ್ದೆ ಕೆಟ್ಟವರಿಗೆ ಮಂಡಿ ನೋವೂ ಹೆಚ್ಚು ಕಾಡುತ್ತದೆ. ಪತ್ರದ ಕೊನೆಯಲ್ಲಿ ನೀವು ‘ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ’ ಅಂತ ಒಂದು ಸಾಲು ಬರೆದಿದ್ದೀರಿ. ದಯವಿಟ್ಟು ಅದನ್ನು ಡಾಕ್ಟರಿಗೆ ಹೇಳಿ. ನಮ್ಮಲ್ಲಿ ಮಂಡಿ ತೋರಿಸಲು ಹೋದವರು ಮನಸ್ಸಿನ ಮಾತೇ ಎತ್ತುವುದಿಲ್ಲ, ಅದು ನನಗೆ ತುಂಬಾ ಬೇಸರದ ಸಂಗತಿ.

ವಯಸ್ಸನ್ನು ನೀವು ಬದಲಾಯಿಸಲಾಗದು. ತೂಕ, ತೊಡೆಯ ಬಲ, ನಿದ್ದೆ, ಇವುಗಳ ವಿಷಯದಲ್ಲಿ ಏನಾದರೂ ಮಾಡಬಹುದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದೆ ಅಂತ ಅಳೆದು ನೋಡಿದ್ದಾರೆ. ಅಮೆರಿಕದಲ್ಲೇ 454 ಜನರ ಮೇಲೆ 18 ತಿಂಗಳು ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಬರೀ ಊಟ ಹಿಡಿತದಲ್ಲಿಟ್ಟವರಿಗಿಂತ, ಬರೀ ವ್ಯಾಯಾಮ ಮಾಡಿದವರಿಗಿಂತ, ಎರಡನ್ನೂ ಮಾಡಿದವರಿಗೆ ನೋವು ಜಾಸ್ತಿ ಇಳಿಯಿತು.

ಆದ್ದರಿಂದ ವಾಕಿಂಗ್ ಮತ್ತೆ ಶುರು ಮಾಡಿ, ಮೊದಲು ಹತ್ತು ನಿಮಿಷ ಸಾಕು. ಊಟದ ಮೇಜಿನ ಗಟ್ಟಿ ಕುರ್ಚಿ ಗೋಡೆಗೆ ಒತ್ತಿಟ್ಟು, ಕೈ ಊರದೆ ನಿಧಾನಕ್ಕೆ ಏಳಿ, ಇನ್ನೂ ನಿಧಾನಕ್ಕೆ ಕೂರಿ. ಆಗದಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಸ್ವಲ್ಪ ನೋವಾದರೆ ಗಾಬರಿ ಬೇಡ. ಮಾರನೆಯ ದಿನದ ಹೊತ್ತಿಗೆ ಎಂದಿನಂತಾದರೆ ಸರಿ, ಇಲ್ಲದಿದ್ದರೆ ಮುಂದಿನ ಸಲ ಕಡಿಮೆ ಮಾಡಿ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಕಲಿತು ಬಂದರೆ ಇನ್ನೂ ಒಳ್ಳೆಯದು. ಮಂಡಿ ದಿಢೀರನೆ ಕೆಂಪಾಗಿ ಊದಿಕೊಂಡು ಬಿಸಿಯಾದರೆ, ಜ್ವರ ಬಂದರೆ, ಕಾಲೂರಲು ಆಗದಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಆಪರೇಷನ್ ಯಾವಾಗ ಅನ್ನುವುದನ್ನು ಗ್ರೇಡ್ ಒಂದೇ ತೀರ್ಮಾನಿಸುವುದಿಲ್ಲ. ಇಷ್ಟೆಲ್ಲ ಕೆಲವು ತಿಂಗಳು ಮನಸ್ಸಿಟ್ಟು ಮಾಡಿ, ಡಾಕ್ಟರು ಹೇಳಿದ ಔಷಧವನ್ನೂ ನೋಡಿ, ಆಮೇಲೂ ರಾತ್ರಿ ನೋವಿಗೆ ಎದ್ದು ಕೂರುವಂತಾದರೆ, ಮನೆಯೊಳಗಿನ ಓಡಾಟವೇ ಕಷ್ಟವಾದರೆ, ಆಗ ಮೂಳೆ ಡಾಕ್ಟರ ಹತ್ತಿರ ಆ ಮಾತು ತೆಗೆಯಿರಿ.