ಕೈಟ್‌ನಲ್ಲಿ ಸಿಗುವ ವೈಫೈ ಮಿಂಟ್, ಡೆಬಿಯನ್‌ನಲ್ಲೂ ಸಿಕ್ಕೀತೇ?

ಕುಂಬಳೆಯ ಶಾಲೆಯಲ್ಲಿರುವ ಕೈಟ್ ಗ್ನು/ಲಿನಕ್ಸ್ 22.04 (ಕೇರಳದ ಶಾಲೆಗಳ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ನಿಮ್ಮ ಮನೆಯ ಹಳೆ ಲ್ಯಾಪ್‌ಟಾಪಿನಲ್ಲೂ ಸರಿಯಾಗಿ ಓಡುತ್ತಿದೆ, ಅದರ ಬದಲು ಮಿಂಟ್ ಅಥವಾ ಡೆಬಿಯನ್ ಎಂಬ ಬೇರೆ ಲಿನಕ್ಸ್ ಹಾಕಿದರೆ ವೈಫೈ ಹೋದೀತೇ ಎಂದು ಕೇಳಿದ್ದೀರಿ.

ಹೆಸರು ಬಿಡಿ, ಕರ್ನಲ್ (ಯಂತ್ರಾಂಶವನ್ನು ನಡೆಸುವ ಸಿಸ್ಟಮ್‌ನ ತಿರುಳು) ಮತ್ತು ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ನೋಡಿ. ಕೈಟ್ 22.04 ನಿಂತಿರುವುದು ಉಬುಂಟು 22.04ರ ಮೇಲೆ, ಮಿಂಟ್ 21 ಕೂಡ ಅದರ ಮೇಲೆಯೇ. ಅಲ್ಲಿ ಹೆದರಬೇಕಾದ್ದು ಕಡಿಮೆ. ಡೆಬಿಯನ್ 12ರ ಕರ್ನಲ್ 6.1, ಡ್ರೈವರ್ ಜೋಡಣೆಯೂ ಬೇರೆ.

ಈಗಲೇ ಟರ್ಮಿನಲ್‌ನಲ್ಲಿ 'lspci -nnk' ಕೊಟ್ಟು, ನೆಟ್‌ವರ್ಕ್ ಸಾಲಿನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಇಂಟೆಲ್ ಕಾರ್ಡಾದರೆ ಸಾಮಾನ್ಯವಾಗಿ ಎಲ್ಲದರಲ್ಲೂ ನಡೆಯುತ್ತದೆ. ತಲೆನೋವು ಬ್ರಾಡ್‌ಕಾಮ್‌ನದು, ಅಲ್ಲಿ 'wl' ಎಂದು ಕಂಡರೆ ಡೆಬಿಯನ್ ಲೈವ್ ಪೆನ್‌ಡ್ರೈವಿನಲ್ಲಿ (ಇನ್‌ಸ್ಟಾಲ್ ಮಾಡದೆ ಓಡಿಸುವ ಪ್ರತಿ) ವೈಫೈ ಕಾಣಿಸದು. ಕಾರ್ಡ್ ಕೆಟ್ಟಿದೆ ಎಂದಲ್ಲ! ಅದರ ಡ್ರೈವರ್ ಇರುವ 'broadcom-sta-dkms' ಪ್ಯಾಕೇಜು ಡೆಬಿಯನ್‌ನ ನಾನ್-ಫ್ರೀ (ಮುಕ್ತವಲ್ಲದ ತಂತ್ರಾಂಶಗಳ) ವಿಭಾಗದಲ್ಲಿದೆ, ಅದು ತಾನಾಗಿ ತೆರೆದಿರುವುದಿಲ್ಲ. ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಸಿಕ್ಕಿಸಿ, ಆ ವಿಭಾಗ ಸೇರಿಸಿ, ಆ ಪ್ಯಾಕೇಜನ್ನು ಕರ್ನಲ್ ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಕರ್ನಲ್ ಫೈಲುಗಳು) ಜೊತೆಗೇ ಹಾಕಿ. ಹೆಡರ್ಸ್ ಇಲ್ಲದಿದ್ದರೆ ಡ್ರೈವರ್ ಮಾಡ್ಯೂಲ್ ಕಟ್ಟಿಕೊಳ್ಳುವುದಿಲ್ಲ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಆನ್ ಇದ್ದರೆ ಕಟ್ಟಿದ ಮಾಡ್ಯೂಲೂ ಲೋಡ್ ಆಗದು: ಅದನ್ನು ಬಯೋಸ್‌ನಲ್ಲಿ ಆಫ್ ಮಾಡಿ ಅಥವಾ ಮಾಡ್ಯೂಲಿನ ಸಹಿಯ ಕೀ ನೋಂದಾಯಿಸಿ.

ಮಿಂಟ್‌ನಲ್ಲಾದರೆ ಡ್ರೈವರ್ ಮ್ಯಾನೇಜರ್ ತೆರೆದರೆ ಸಾಕು.